ಮನೆ ಬಿಟ್ಟು ಹೊರಡುವ ದಿನಕ್ಕೊಂದು ಗಾಡಿ

ಹಳೆಯ ಕಾರು ಬದಲಿಸುವ ಹೊತ್ತಿಗೆ ನಾವು ಬೇರೆಯದೇ ಪ್ರಶ್ನೆ ಹಾಕಿಕೊಂಡಿದ್ದೆವು. ಮೈಲೇಜ್ ಎಷ್ಟು, ನೋಡೋಕೆ ಹೇಗಿದೆ ಅನ್ನುವುದೆಲ್ಲ ಆಮೇಲೆ. ಒಂದು ಗಂಟೆಯೊಳಗೆ ಮನೆ ಖಾಲಿ ಮಾಡಿ ಅಂತ ಸೂಚನೆ ಬಂದರೆ ಈ ಗಾಡಿ ನಮ್ಮನ್ನೆಲ್ಲ ಕರೆದುಕೊಂಡು ಹೋಗುತ್ತದಾ? ನಾವಿರುವುದು ತಗ್ಗಿನ ಜಾಗ, ನದಿ ದೂರವಿಲ್ಲ. ಹಿಂದಿನ ಗುಡ್ಡದಲ್ಲಿ ಒಣ ಹುಲ್ಲಿಗೆ ಬೆಂಕಿ ಬೀಳುವುದೂ ಉಂಟು. ಮನೆಯಲ್ಲಿ ನಾನು, ನನ್ನ ಗಂಡ, ಅತ್ತೆ, ಇಬ್ಬರು ಮಕ್ಕಳು, ಒಂದು ನಾಯಿ. ಅತ್ತೆಗೆ ಮಂಡಿ ನೋವು, ಜಾಸ್ತಿ ದೂರ ನಡೆಯಲು ಆಗುವುದಿಲ್ಲ. ರಾತ್ರಿ ಮಲಗುವಾಗ ಆಕ್ಸಿಜನ್ ಕಾನ್ಸಂಟ್ರೇಟರ್, ಅಂದರೆ ಗಾಳಿಯಿಂದ ಆಕ್ಸಿಜನ್ ತೆಗೆದು ಕೊಡುವ ಯಂತ್ರ ಬೇಕು. ಅಂದರೆ ಕರೆಂಟ್ ಬೇಕು. ನಮ್ಮ ಹುಡುಕಾಟದ ದಾರಿಯನ್ನೆಲ್ಲ ಕೊನೆಗೆ ತೀರ್ಮಾನಿಸಿದ್ದು ಈ ಎರಡು ಸಂಗತಿಗಳೇ, ಮಂಡಿ ಮತ್ತು ಕರೆಂಟ್.

ನನ್ನ ಮೈದುನನಿಗೆ ಉತ್ತರ ಮೊದಲೇ ಗೊತ್ತಿತ್ತು. "ಅತ್ತಿಗೆ, ಎತ್ತರದ ಫೋರ್ ಬೈ ಫೋರ್ ತಗೊಳ್ಳಿ, ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಸಿಗುತ್ತೆ. ದೊಡ್ಡ ಟೈರ್, ಸಿಕ್ಕಿಬಿದ್ದಾಗ ಎಳೆದುಕೊಳ್ಳಲು ಮುಂದೆ ವಿಂಚ್, ಮೇಲೆ ಕ್ಯಾರಿಯರ್. ಎಲ್ಲಿ ಬೇಕಾದರೂ ನುಗ್ಗಬಹುದು" ಅಂದ. ಅವನು ಗುಡ್ಡಗಾಡಿನಲ್ಲಿ ಗಾಡಿ ಓಡಿಸಿ ಪಳಗಿದವನು, ಸುಮ್ನೆ ಹೇಳುವವನಲ್ಲ. ಆದರೂ ಷೋರೂಮಿಗೆ ಹೋಗುವ ಮೊದಲು, ಜನ ನಿಜವಾಗಿ ಊರು ಬಿಟ್ಟು ಹೊರಟಾಗ ಏನಾಯಿತು ಅಂತ ಓದೋಣ ಅನ್ನಿಸಿತು. ಕೆಲವು ವಾರ ನಾವಿಬ್ಬರೂ ಮಕ್ಕಳು ಮಲಗಿದ ಮೇಲೆ ಅದನ್ನೇ ಓದಿದೆವು.

2005ರ ಸೆಪ್ಟೆಂಬರಿನಲ್ಲಿ ರೀಟಾ ಚಂಡಮಾರುತ ಬರುತ್ತಿದೆ ಅಂತ ಅಮೆರಿಕದ ಹ್ಯೂಸ್ಟನ್ ಸುತ್ತಮುತ್ತ 20 ಲಕ್ಷಕ್ಕೂ ಹೆಚ್ಚು ಜನ ಒಟ್ಟಿಗೆ ರಸ್ತೆಗಿಳಿದರು. ನಾಲ್ಕೈದು ಗಂಟೆಯ ದಾರಿಗೆ 20 ಗಂಟೆ, 24 ಗಂಟೆ ಹಿಡಿಯಿತು. ಸುಡುವ ಬಿಸಿಲು. ಎಂಜಿನ್ ಚಾಲೂ ಇಟ್ಟು ನಿಂತೂ ನಿಂತೂ ಗಾಡಿಗಳ ಪೆಟ್ರೋಲ್ ಮುಗಿಯಿತು, ಬಂಕ್‌ಗಳೂ ಬರಿದಾದವು. ಚಂಡಮಾರುತದ ಗಾಳಿಗೆ ಸಿಕ್ಕಿ ಸತ್ತವರಿಗಿಂತ ಈ ಪ್ರಯಾಣದಲ್ಲೇ ಸತ್ತವರು ಹೆಚ್ಚು. ಡಲ್ಲಾಸ್ ಹತ್ತಿರದ ವಿಲ್ಮರ್ ಬಳಿ ವೃದ್ಧಾಶ್ರಮದವರನ್ನು ಕರೆದೊಯ್ಯುತ್ತಿದ್ದ ಬಸ್ಸಿಗೆ ಬೆಂಕಿ ಹತ್ತಿ 23 ಜನ ತೀರಿಕೊಂಡರು. ಚಕ್ರದ ಬೇರಿಂಗಿಗೆ ಸಾಕಷ್ಟು ಗ್ರೀಸು, ಆಯಿಲ್ ಇಲ್ಲದೆ ಅದು ಕಾದು ಬೆಂಕಿ ಶುರುವಾಗಿತ್ತು. ಒಳಗೆ ಆಕ್ಸಿಜನ್ ಸಿಲಿಂಡರ್‌ಗಳಿದ್ದವು. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅತ್ತೆಯ ಕೋಣೆಯಲ್ಲೂ ಒಂದು ಸಣ್ಣ ಸಿಲಿಂಡರ್ ಇದೆ.

2016ರ ಮೇ ತಿಂಗಳಲ್ಲಿ ಕೆನಡಾದ ಫೋರ್ಟ್ ಮೆಕ್‌ಮರೆ ಪಟ್ಟಣದಿಂದ ಕಾಡ್ಗಿಚ್ಚಿಗೆ ಸುಮಾರು 88,000 ಜನ ಹೊರಟರು. ದಕ್ಷಿಣಕ್ಕೆ ಇದ್ದದ್ದು ಒಂದೇ ಹೆದ್ದಾರಿ. ಅಲ್ಲೂ ಗಾಡಿಗಳಲ್ಲಿ ಇಂಧನ ಮುಗಿದು ಜನ ರಸ್ತೆ ಬದಿಯಲ್ಲಿ ನಿಂತರು. ಪೊಲೀಸ್ ಬೆಂಗಾವಲಿನಲ್ಲಿ ಟ್ಯಾಂಕರ್ ಕಳಿಸಬೇಕಾಯಿತು. 2018ರ ನವೆಂಬರ್ 8ರಂದು ಕ್ಯಾಲಿಫೋರ್ನಿಯಾದ ಪ್ಯಾರಡೈಸ್ ಊರನ್ನು ಬೆಂಕಿ ಕೆಲವೇ ಗಂಟೆಗಳಲ್ಲಿ ನುಂಗಿತು. ಆ ಬೆಂಕಿಯಲ್ಲಿ 85 ಜನ ಸತ್ತರು. ಊರಿಂದ ಇಳಿಯುವ ರಸ್ತೆಗಳೆಲ್ಲ ಕಟ್ಟಿಕೊಂಡು, ಎಷ್ಟೋ ಜನ ಗಾಡಿ ಅಲ್ಲೇ ಬಿಟ್ಟು ಓಡಿದರು. ಆ ಸಾಲಿನಲ್ಲಿ ಒಳ್ಳೊಳ್ಳೆಯ ಫೋರ್ ಬೈ ಫೋರ್‌ಗಳೂ ಇದ್ದವು. ಮುಂದಿನ ಗಾಡಿ ಕದಲದಿದ್ದರೆ ಎತ್ತರ ಇದ್ದು ಏನು ಮಾಡುವುದು? ಜಪಾನಿನಲ್ಲಿ 2011ರ ಮಾರ್ಚ್ 11ರ ಸುನಾಮಿಯಲ್ಲೂ ಟ್ರಾಫಿಕ್ಕಿನಲ್ಲಿ ಸಿಕ್ಕಿದ ಕಾರುಗಳು ನೀರಿನ ಪಾಲಾದವು. ಅಲ್ಲಿ ಸುನಾಮಿ ಎಚ್ಚರಿಕೆ ಬಂದರೆ ಆದಷ್ಟೂ ನಡೆದೇ ಎತ್ತರಕ್ಕೆ ಹೋಗಿ ಅನ್ನುವುದು ಮೂಲ ನಿಯಮ. ನಡೆಯಲಾಗದವರಿಗೆ ಮಾತ್ರ ಕಾರು.

ಇಷ್ಟು ಓದಿದ ಮೇಲೆ ನಾವು ಹುಡುಕುವ ಗಾಡಿಯ ಸ್ವರೂಪವೇ ಬದಲಾಯಿತು. ರಸ್ತೆ ಬಿಟ್ಟು ಗುಡ್ಡ ಹತ್ತುವ ಗಾಡಿ ನಮಗೆ ಬೇಡ. ರಸ್ತೆಯಲ್ಲೇ ಹತ್ತಾರು ಗಂಟೆ ನಿಂತರೂ ಒಳಗಿರುವವರನ್ನು ಬದುಕಿಸಿ ಇಡುವ ಗಾಡಿ ಬೇಕು. ಎಲ್ಲರಿಗಿಂತ ಮೊದಲು ಹೊರಡಲು ಸಿದ್ಧವಾಗಿರುವ ಗಾಡಿ ಬೇಕು.

ಮೊದಲು ತೂಕ ಲೆಕ್ಕ ಹಾಕಿದೆವು. ಇದನ್ನು ಯಾಕೋ ಯಾರೂ ಮಾಡುವುದಿಲ್ಲ. ಗಾಡಿ ದಾಟಬಾರದ ಒಟ್ಟು ತೂಕದಿಂದ ಖಾಲಿ ಗಾಡಿಯ ತೂಕ ಕಳೆದರೆ, ಅದು ಎಷ್ಟು ಹೊರಬಹುದು ಅನ್ನುವುದು ಸಿಗುತ್ತದೆ. ಬಹಳಷ್ಟು ಗಾಡಿಗಳಲ್ಲಿ ಚಾಲಕನ ಬಾಗಿಲ ಚೌಕಟ್ಟಿನ ಚೀಟಿಯಲ್ಲೋ ದಾಖಲೆಯಲ್ಲೋ ಇದರ ವಿವರ ಇರುತ್ತದೆ. ಕೆಲವು ಕಡೆ ಖಾಲಿ ತೂಕದಲ್ಲೇ ಚಾಲಕನನ್ನೂ ಸೇರಿಸಿರುತ್ತಾರೆ, ಕೇಳಿ ತಿಳಿದುಕೊಳ್ಳಬೇಕು. ಸಾಮಾನ್ಯ ಐದು ಸೀಟಿನ ಕಾರಿಗೆ ಇದು 400ರಿಂದ 500 ಕೆ.ಜಿ. ನಾವು ಐದು ಜನ, ನಾಯಿ ಸೇರಿ 285 ಕೆ.ಜಿ. ಆದೆವು. ಕುಡಿಯಲು, ತೊಳೆಯಲು ಒಬ್ಬರಿಗೆ ದಿನಕ್ಕೆ ಸುಮಾರು 4 ಲೀಟರ್ ನೀರು ಬೇಕು ಅನ್ನುತ್ತಾರೆ. ಎರಡು ದಿನಕ್ಕೆ 40 ಲೀಟರ್, ಅಂದರೆ 40 ಕೆ.ಜಿ. ಕಾನ್ಸಂಟ್ರೇಟರ್ 16, ಮಡಚುವ ವೀಲ್‌ಚೇರ್ 15, ಚಿಕ್ಕವಳ ಸೀಟು 10. ಬಟ್ಟೆ, ಹೊದಿಕೆ, ಔಷಧಿ, ಆಹಾರ, ಉಪಕರಣ ಎಲ್ಲ ಸೇರಿ ಇನ್ನೊಂದು 65. ಒಟ್ಟು ಸುಮಾರು 430 ಕೆ.ಜಿ. ಏನೂ ವಿಶೇಷ ಸೇರಿಸದೆಯೇ ನಮ್ಮ ಹಳೆಯ ಕಾರಿನ ಮಿತಿ ಮುಟ್ಟಿತ್ತು.

ಮೈದುನನ ಪಟ್ಟಿಯನ್ನೂ ಇದೇ ತಕ್ಕಡಿಗೆ ಹಾಕಿ ನೋಡಿದೆವು. ಉಕ್ಕಿನ ಬಂಪರ್, ವಿಂಚ್, ಮೇಲಿನ ಟೆಂಟ್, ಅದರ ಕ್ಯಾರಿಯರ್, ದೊಡ್ಡ ಟೈರುಗಳು. ಇವುಗಳ ತೂಕವೆಲ್ಲ ಜನ ಮತ್ತು ನೀರಿನ ಪಾಲಿನಿಂದಲೇ ಕಳೆಯುತ್ತದೆ. ಅತ್ತೆ ಕೂರಬೇಕಾದ ಜಾಗದ ತೂಕ ವಿಂಚಿಗೆ ಹೋಗುತ್ತದೆ. ಮಿತಿ ಮೀರಿ ಹೇರಿದರೆ ಬ್ರೇಕ್ ಹಾಕಿದಾಗ ಗಾಡಿ ನಿಲ್ಲಲು ಜಾಸ್ತಿ ದೂರ ಬೇಕು. ಟೈರ್ ಕಾದು ಸಿಡಿಯಬಹುದು, ಅದೂ ಬಿಸಿಲಿನಲ್ಲಿ, ಅದೂ ಎಲ್ಲರೂ ಅವಸರದಲ್ಲಿರುವ ರಸ್ತೆಯಲ್ಲಿ. ಮೈದುನ ಲೆಕ್ಕವನ್ನು ತಾನೇ ಇನ್ನೊಮ್ಮೆ ಕೂಡಿ ನೋಡಿದ. ಆಮೇಲೆ ವಿಂಚಿನ ಮಾತು ಎತ್ತಲಿಲ್ಲ. ಅಲ್ಲಿಂದ ಮುಂದೆ ಗಾಡಿ ನೋಡಲು ಹೋದಾಗಲೆಲ್ಲ ಟಾರ್ಚ್ ಹಿಡಿದು ಕೆಳಗೆ ತೂರಿ ನೋಡುವ ಕೆಲಸ ಅವನದೇ ಆಯಿತು.

ಗಾಡಿ ನೋಡಲು ಹೋಗುವಾಗ ಅತ್ತೆಯನ್ನೂ ಕರೆದುಕೊಂಡೇ ಹೋದೆವು. ಎತ್ತರದ ಗಾಡಿಗಳಲ್ಲಿ ಅವರು ಮೆಟ್ಟಿಲ ಮೇಲೆ ಕಾಲಿಟ್ಟರೂ ಮೇಲೆ ಏಳಲು ಮಂಡಿ ಬಿಡಲಿಲ್ಲ. ನನ್ನ ಗಂಡ ಹಿಂದಿನಿಂದ ಹಿಡಿದು ಎತ್ತಬೇಕಾಯಿತು. "ಕತ್ತಲಲ್ಲಿ, ಮಳೇಲಿ ಹೀಗೆ ಎತ್ತೋಕಾಗುತ್ತೇನಪ್ಪಾ? ನನ್ನಿಂದ ನಿಮಗೆಲ್ಲ ತಡ ಆಗಬಾರದು" ಅಂದರು ಅತ್ತೆ. ಆ ಮಾತಿನ ನೋವು ನನಗೆ ತಟ್ಟಿತು. ತೀರಾ ತಗ್ಗಿನ ಕಾರೂ ಆಗಲಿಲ್ಲ. ಕೂರುವುದು ಸುಲಭ, ಏಳುವುದು ಕಷ್ಟ. ಸೀಟು ನಿಂತವರ ತೊಡೆಯ ಮಧ್ಯದ ಎತ್ತರಕ್ಕೆ ಇದ್ದರೆ ಅವರಿಗೆ ಸರಿ. ತಿರುಗಿ ಕೂತು, ಕಾಲನ್ನು ಒಂದೊಂದಾಗಿ ಒಳಗೆ ಎಳೆದುಕೊಳ್ಳಬಹುದು. ಬಾಗಿಲ ಪಕ್ಕ ಹಿಡಿದುಕೊಳ್ಳಲು ಗಟ್ಟಿ ಹಿಡಿಕೆ ಬೇಕು. ಡಿಕ್ಕಿಯ ಅಂಚು ತಗ್ಗಿನಲ್ಲಿದ್ದರೆ ನಾನೊಬ್ಬಳೇ ವೀಲ್‌ಚೇರ್ ಎತ್ತಿ ಇಡಬಹುದು. ಇದನ್ನು ಯಾವ ಜಾಹೀರಾತೂ ಹೇಳುವುದಿಲ್ಲ. ನಿಮ್ಮ ಮನೆಯ ಅತಿ ನಿಧಾನದ ಮನುಷ್ಯರನ್ನು ಕರೆದುಕೊಂಡು ಹೋಗಿ ಹತ್ತಿಸಿ, ಇಳಿಸಿ ನೋಡಿದರೆ ಮಾತ್ರ ಗೊತ್ತಾಗುತ್ತದೆ.

ನೀರಿನ ವಿಷಯಕ್ಕೆ ನಾನು ಬಹಳ ಹೊತ್ತು ಕೂತೆ, ಏಕೆಂದರೆ ನಮಗೆ ಹತ್ತಿರದ ಅಪಾಯ ಅದೇ. ಎತ್ತರದ ಗಾಡಿ ಇದ್ದರೆ ನೀರು ದಾಟಬಹುದು ಅಂತ ಎಲ್ಲರೂ ನಂಬಿದ್ದಾರೆ. ಲೆಕ್ಕ ಹಾಕಿ ನೋಡಿ. 1,200 ಕೆ.ಜಿ. ತೂಕದ ಕಾರು, 4 ಮೀಟರ್ ಉದ್ದ, 1.7 ಮೀಟರ್ ಅಗಲ. ನೀರು ಅದರ ತಳ ಮುಟ್ಟಿದ ಮೇಲೆ ಏರುವ ಪ್ರತಿ 10 ಸೆಂ.ಮೀ.ಗೆ ಹೆಚ್ಚುಕಡಿಮೆ 680 ಕೆ.ಜಿ.ಯಷ್ಟು ಬಲ ಕೆಳಗಿನಿಂದ ಮೇಲಕ್ಕೆ ಎತ್ತುತ್ತದೆ. ನೀರು ಒಳಗೆ ನುಗ್ಗುವ ಮೊದಲು 18 ಸೆಂ.ಮೀ. ಏರಿದರೆ ಸಾಕು, ಕಾರು ತೇಲುತ್ತದೆ. ನೆಲದಿಂದ ತಳಕ್ಕೆ 17 ಸೆಂ.ಮೀ. ಸೇರಿಸಿದರೂ ನೀರಿನ ಆಳ 35 ಸೆಂ.ಮೀ. ಅಷ್ಟೇ. ಮೊಣಕಾಲಿಗೂ ಬಾರದ ನೀರು. ಪೂರ್ತಿ ತೇಲುವ ಮೊದಲೇ ಟೈರಿನ ಹಿಡಿತ ಹೋಗಿರುತ್ತದೆ, ಹರಿವು ಇದ್ದರೆ ಗಾಡಿ ಪಕ್ಕಕ್ಕೆ ಜಾರುತ್ತದೆ. 2,000 ಕೆ.ಜಿ.ಯ ಎಸ್‌ಯುವಿಗೂ ಇದೇ ಲೆಕ್ಕ ಹಾಕಿದೆ. ಅದರ ತಳ ಅಗಲ, ಹಾಗಾಗಿ ನೀರು ಎತ್ತುವ ಬಲವೂ ಜಾಸ್ತಿ. ಹತ್ತು ಸೆಂ.ಮೀ. ಚಿಲ್ಲರೆ ಲಾಭ ಸಿಕ್ಕಿತು ಅಷ್ಟೇ. ಅಮೆರಿಕದ ರಾಷ್ಟ್ರೀಯ ಹವಾಮಾನ ಸೇವೆ ಕೊಡುವ ಎಚ್ಚರಿಕೆಯೂ ಇದಕ್ಕೆ ಹೊಂದುತ್ತದೆ. ರಭಸವಾಗಿ ಹರಿಯುವ 30 ಸೆಂ.ಮೀ. ನೀರು ಹೆಚ್ಚಿನ ಕಾರುಗಳನ್ನು, 60 ಸೆಂ.ಮೀ. ನೀರು ಎಸ್‌ಯುವಿ, ಟ್ರಕ್ಕುಗಳನ್ನೂ ಕೊಚ್ಚಿಕೊಂಡು ಹೋಗಬಲ್ಲದು.

ತೇಲದಿದ್ದರೂ ಎಂಜಿನ್ ಉಳಿಯುತ್ತದೆ ಅಂತಿಲ್ಲ. ಗಾಳಿ ಎಳೆದುಕೊಳ್ಳುವ ಕೊಳವೆಯಿಂದ ನೀರು ಸಿಲಿಂಡರಿಗೆ ಹೋದರೆ ಪಿಸ್ಟನ್ ಅದನ್ನು ಒತ್ತಲಾರದು, ಪಿಸ್ಟನ್ನಿಗೆ ಕೂಡಿಸಿದ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಆಮೇಲೆ ಮತ್ತೆ ಮತ್ತೆ ಸ್ಟಾರ್ಟ್ ಮಾಡಿದರೆ ಇನ್ನೂ ಹಾಳು. ಕಂಪನಿಯವರು ಹೇಳುವ ನೀರಿನ ಆಳ ನಿಂತ ನೀರಿಗೆ, ನಿಧಾನದ ವೇಗಕ್ಕೆ. ಹರಿಯುವ ನೀರಿಗಲ್ಲ, ಕೆಳಗೆ ರಸ್ತೆಯೇ ಕೊಚ್ಚಿಹೋಗಿರುವ ಜಾಗಕ್ಕಂತೂ ಅಲ್ಲವೇ ಅಲ್ಲ. ಆದ್ದರಿಂದ ನೀರು ದಾಟುವ ಶಕ್ತಿಯನ್ನು ನಮ್ಮ ಪಟ್ಟಿಯಿಂದ ಪೂರ್ತಿ ತೆಗೆದೆವು. ಅದರ ಬದಲು, ನೀರು ರಸ್ತೆಗೆ ಬರುವ ಮೊದಲೇ ಹೊರಡುವುದು ಅಂತ ಬರೆದುಕೊಂಡೆವು.

ಹಾಗಂತ ಗ್ರೌಂಡ್ ಕ್ಲಿಯರೆನ್ಸ್, ಅಂದರೆ ನೆಲಕ್ಕೂ ಗಾಡಿಯ ತಳಕ್ಕೂ ನಡುವಿನ ಅಂತರ, ಬೇಡವೇ ಬೇಡ ಅಂತಲ್ಲ. ಬಿದ್ದ ಕೊಂಬೆ, ಕಲ್ಲು, ಮುರಿದ ರಸ್ತೆಯ ಅಂಚು ದಾಟಲು ಒಂದಿಷ್ಟು ಬೇಕು. ಜನ, ಸಾಮಾನು ತುಂಬಿದ ಗಾಡಿ ಕೆಳಗೆ ಕೂರುತ್ತದೆ ಅನ್ನುವುದೂ ನೆನಪಿರಲಿ. ಕಾಗದದಲ್ಲಿ ಬರೆದ ಅಂಕಿಗೆ ಬೆಲೆ ಕಡಿಮೆ, ತುಂಬಿದ ಗಾಡಿಯನ್ನು ಅಳೆದು ನೋಡಬೇಕು. ಫೋರ್ ವೀಲ್ ಡ್ರೈವ್ ಕೆಸರು, ಮರಳು, ಹಿಮದಲ್ಲಿ ಮುಂದೆ ಎಳೆಯಲು ಸಹಾಯ ಮಾಡುತ್ತದೆ. ನಿಲ್ಲಿಸುವ ಕೆಲಸ ಮಾತ್ರ ಬ್ರೇಕ್ ಮತ್ತು ಟೈರುಗಳದ್ದೇ. ಹೆಚ್ಚಾಗಿ ಡಾಂಬರು ರಸ್ತೆಯಲ್ಲೇ ಹೊರಡಬೇಕಾದ ನಮಗೆ ಒಳ್ಳೆಯ ಟೈರುಗಳೇ ಮುಖ್ಯ ಅನ್ನಿಸಿತು. ಹಿಮ ಬೀಳುವ ಕಡೆ, ಮಣ್ಣಿನ ದಾರಿಯೇ ಗತಿ ಇರುವ ಕಡೆ ಇರುವವರ ತೀರ್ಮಾನ ಬೇರೆ ಆಗಬಹುದು, ಆಗಲೇಬೇಕು.

ಇಂಧನದ ವಿಷಯ ಮನೆಯಲ್ಲಿ ಜಾಸ್ತಿ ಚರ್ಚೆ ಎಬ್ಬಿಸಿತು. ಪೆಟ್ರೋಲ್ ಕಾರು ಎಸಿ ಹಾಕಿಕೊಂಡು ಸುಮ್ನೆ ನಿಂತರೆ ಗಂಟೆಗೆ ಹೆಚ್ಚುಕಡಿಮೆ ಒಂದು ಲೀಟರ್ ಕುಡಿಯುತ್ತದೆ. 20 ಗಂಟೆ ನಿಂತರೆ 20 ಲೀಟರ್, ಒಂದು ಮೀಟರ್ ಕೂಡ ಮುಂದೆ ಹೋಗದೆ. ಡೀಸೆಲ್ ಒಂದು ಟ್ಯಾಂಕಿಗೆ ದೂರ ಓಡುತ್ತದೆ, ಪೆಟ್ರೋಲಿನಷ್ಟು ಸುಲಭವಾಗಿ ಹೊತ್ತಿಕೊಳ್ಳುವುದೂ ಇಲ್ಲ. ಆದರೆ ಈಗಿನ ಹೆಚ್ಚಿನ ಡೀಸೆಲ್ ಗಾಡಿಗಳಿಗೆ ಹೊಗೆ ಶುದ್ಧ ಮಾಡುವ ಆಡ್‌ಬ್ಲೂ ದ್ರವವೂ ಬೇಕು. ಅದು ಪೂರ್ತಿ ಮುಗಿದು ಎಂಜಿನ್ ಆಫ್ ಮಾಡಿದರೆ ಮತ್ತೆ ಸ್ಟಾರ್ಟ್ ಆಗುವುದಿಲ್ಲ. ಗಾಡಿ ನಿಂತಲ್ಲೇ ಎಂಜಿನ್ ಗಂಟೆಗಟ್ಟಲೆ ಓಡುವುದು ಹೊಗೆ ಸೋಸುವ ಫಿಲ್ಟರಿಗೆ ಒಗ್ಗುವುದಿಲ್ಲ.

ಎಲೆಕ್ಟ್ರಿಕ್ ಗಾಡಿ ಬೇಡವೇ ಬೇಡ ಅಂತ ಹಲವರು ಹೇಳಿದರು. ನನಗೆ ಅಷ್ಟು ಸರಳ ಅನ್ನಿಸಲಿಲ್ಲ. ಟ್ರಾಫಿಕ್ಕಿನಲ್ಲಿ ನಿಂತಾಗ ಅದರ ಮೋಟಾರ್ ಏನೂ ತಿನ್ನುವುದಿಲ್ಲ. ಎಸಿಗೆ ಒಂದು ಕಿಲೋವಾಟ್ ಆಸುಪಾಸು. 60 ಯೂನಿಟ್ ಬ್ಯಾಟರಿ ತುಂಬಿದ್ದರೆ 20 ಗಂಟೆ ನಿಂತ ಮೇಲೂ ಅರ್ಧಕ್ಕಿಂತ ಜಾಸ್ತಿ ಉಳಿಯುತ್ತದೆ. ಕರೆಂಟ್ ಹೋದರೆ ಚಾರ್ಜ್ ಆಗುವುದಿಲ್ಲ, ನಿಜ. ಕರೆಂಟ್ ಹೋದರೆ ಜನರೇಟರ್ ಇಲ್ಲದ ಪೆಟ್ರೋಲ್ ಬಂಕಿನ ಪಂಪೂ ಓಡುವುದಿಲ್ಲ. ಜಪಾನಿನಲ್ಲಿ 2011ರ ಭೂಕಂಪದ ನಂತರ ಪೆಟ್ರೋಲಿಗೆ ತೀವ್ರ ಕೊರತೆ ಬಂದಾಗ, ಕರೆಂಟ್ ಬೇಗ ವಾಪಸ್ ಬಂದ ಕಡೆಗಳಲ್ಲಿ ಪರಿಹಾರ ಕೆಲಸಕ್ಕೆ ಎಲೆಕ್ಟ್ರಿಕ್ ಕಾರುಗಳನ್ನೇ ಕಳಿಸಿದ್ದರು. ನಮ್ಮನ್ನು ತಡೆದದ್ದು ಬೇರೆ. ನಾವು ಹೋಗಿ ಸೇರಬೇಕಾದ ಬಂಧುಗಳ ಮನೆ ದೂರ ಇದೆ, ದಾರಿಯಲ್ಲಿ ಚಾರ್ಜಿಂಗ್ ಜಾಗಗಳು ವಿರಳ, ಎಲ್ಲರೂ ಒಟ್ಟಿಗೆ ಹೊರಟ ದಿನ ಅಲ್ಲಿ ಸಾಲು ಎಷ್ಟಿರಬಹುದು? ಒಂದು 20 ಲೀಟರ್ ಕ್ಯಾನ್ ಪೆಟ್ರೋಲನ್ನು ಕೈಯಲ್ಲಿ ಎತ್ತಿ ತಂದು ಸುರಿಯಬಹುದು. ಕರೆಂಟನ್ನು ಹಾಗೆ ತರಲಾಗುವುದಿಲ್ಲ.

ಉಳಿದದ್ದು ಹೈಬ್ರಿಡ್, ಅಂದರೆ ಪೆಟ್ರೋಲ್ ಎಂಜಿನ್ ಜೊತೆ ಬ್ಯಾಟರಿ, ಮೋಟಾರೂ ಇರುವ ಗಾಡಿ. ನಿಂತಾಗ ಎಂಜಿನ್ ಆಫ್ ಆಗಿ ಎಸಿ ಬ್ಯಾಟರಿಯಿಂದ ನಡೆಯುತ್ತದೆ. ಬ್ಯಾಟರಿ ಇಳಿದಾಗ ಮಾತ್ರ ಎಂಜಿನ್ ಸ್ವಲ್ಪ ಹೊತ್ತು ಓಡಿ ತುಂಬಿಸುತ್ತದೆ. ತೆವಳುವ ಟ್ರಾಫಿಕ್ಕಿನಲ್ಲಿ ಇದೇ ದೊಡ್ಡ ಉಳಿತಾಯ. ಆದರೆ ನಮ್ಮನ್ನು ಒಪ್ಪಿಸಿದ್ದು ಕಾನ್ಸಂಟ್ರೇಟರ್. ನಿಮಿಷಕ್ಕೆ 5 ಲೀಟರ್ ಆಕ್ಸಿಜನ್ ಕೊಡುವ ಮನೆಬಳಕೆಯ ಯಂತ್ರಕ್ಕೆ 300ರಿಂದ 350 ವ್ಯಾಟ್ ಬೇಕು. ಕಾರಿನ 12 ವೋಲ್ಟ್ ಸಾಕೆಟ್ಟಿನ ಫ್ಯೂಸ್ ಸಾಮಾನ್ಯವಾಗಿ 10ರಿಂದ 15 ಆಂಪಿಯರ್, ಅಂದರೆ 120ರಿಂದ 180 ವ್ಯಾಟ್ ಅಷ್ಟೇ. ಅದಕ್ಕೆ ಇನ್ವರ್ಟರ್ ಚುಚ್ಚಿ ಯಂತ್ರ ಹಾಕಿದರೆ ಫ್ಯೂಸ್ ಹೋಗುತ್ತದೆ, ಅದೂ ಬೇಕಾದ ಹೊತ್ತಿನಲ್ಲೇ. ಕೆಲವು ಹೈಬ್ರಿಡ್‌ಗಳಲ್ಲಿ ದೊಡ್ಡ ಬ್ಯಾಟರಿಯಿಂದ ನೇರವಾಗಿ ಮನೆಯ ಪ್ಲಗ್ಗಿನಂಥದ್ದೇ ಸಾಕೆಟ್ ಕೊಟ್ಟಿರುತ್ತಾರೆ, 1,500 ವ್ಯಾಟ್ ತನಕ. ಟೊಯೋಟಾದ ಎಸ್ಟಿಮಾ ಹೈಬ್ರಿಡ್ ವ್ಯಾನಿನಲ್ಲಿ ಇಂಥ ಸಾಕೆಟ್ ಇತ್ತು, 2011ರಲ್ಲಿ ಜಪಾನಿನ ಸಂತ್ರಸ್ತ ಪ್ರದೇಶಗಳಲ್ಲಿ ಅದು ಜನರಿಗೆ ಉಪಯೋಗಕ್ಕೆ ಬಂತು. ಇದನ್ನು ಓದಿದಾಗ ನಮ್ಮ ಹುಡುಕಾಟಕ್ಕೆ ಒಂದು ದಿಕ್ಕು ಸಿಕ್ಕಿತು.

ಬೇರೆ ಕೆಲವು ಯೋಚನೆಗಳು ಬಂದು ಹೋದವು. ಮೋಟಾರ್‌ಹೋಮ್ ಮಲಗಲು ಚೆನ್ನ, ಇಕ್ಕಟ್ಟಿನ ರಸ್ತೆಯಲ್ಲಿ ತಿರುಗಿಸುವುದು ಕಷ್ಟ, ವರ್ಷವಿಡೀ ನಿಂತೇ ಇರುತ್ತದೆ. ಟ್ರೇಲರ್ ಕೂಡ ಹಾಗೆಯೇ, ಗಾಬರಿಯಲ್ಲಿ ಅದನ್ನು ಹಿಂದಕ್ಕೆ ತಿರುಗಿಸುವುದು ನನ್ನಿಂದಾಗದು. ಕಟ್ಟಿಕೊಂಡ ರಸ್ತೆಯಲ್ಲೂ ಬೈಕ್ ನುಸುಳುತ್ತದೆ, ಒಬ್ಬಿಬ್ಬರೇ ಇರುವವರಿಗೆ ಅದಕ್ಕಿಂತ ಒಳ್ಳೆಯದಿಲ್ಲ. ಎಪ್ಪತ್ತು ಎಂಬತ್ತರ ದಶಕದ ಕಾರ್ಬ್ಯುರೇಟರ್ ಗಾಡಿ ತಗೊಳ್ಳಿ, ಅಣುಸ್ಫೋಟದ ವಿದ್ಯುತ್ಕಾಂತೀಯ ಅಲೆಗೆ (ಇಎಂಪಿ) ಹೊಸ ಗಾಡಿಗಳೆಲ್ಲ ಸತ್ತುಹೋಗುತ್ತವೆ ಅಂದವರೂ ಇದ್ದರು. ಅಮೆರಿಕದ ಇಎಂಪಿ ಆಯೋಗ 37 ಕಾರುಗಳನ್ನು ಪರೀಕ್ಷಿಸಿ 2008ರಲ್ಲಿ ವರದಿ ಕೊಟ್ಟಿತ್ತು. ಎಂಜಿನ್ ಬಂದ್ ಇದ್ದ ಕಾರುಗಳಿಗೆ ಏನೂ ಆಗಲಿಲ್ಲ. ಓಡುತ್ತಿದ್ದವುಗಳಲ್ಲಿ ಕೆಲವೇ ನಿಂತವು. ಪ್ರವಾಹ, ಬೆಂಕಿ ಪ್ರತಿ ವರ್ಷ ಯಾವುದೋ ಊರಿಗೆ ಬರುತ್ತವೆ. ಆ ದಿನ ನಲವತ್ತು ವರ್ಷದ ಹಳೆಯ ಗಾಡಿ, ಬಿಡಿಭಾಗ ಸಿಗದ ಗಾಡಿ ನನಗೆ ಬೇಡ.

ಬಿಡಿಭಾಗದ ಮಾತು ಬಂದದ್ದಕ್ಕೆ ಹೇಳುತ್ತೇನೆ. ವಿಶ್ವಸಂಸ್ಥೆಯವರು, ಪರಿಹಾರ ಸಂಸ್ಥೆಗಳು ಜಗತ್ತಿನ ಮೂಲೆಮೂಲೆಯಲ್ಲಿ ಟೊಯೋಟಾದ ಲ್ಯಾಂಡ್ ಕ್ರೂಸರ್ ಬಳಸುವುದು ಅದರ ಗಟ್ಟಿತನಕ್ಕೆ ಮಾತ್ರ ಅಲ್ಲ. ಎಲ್ಲಿ ಹೋದರೂ ಅದರ ಭಾಗ ಸಿಗುತ್ತದೆ, ರಿಪೇರಿ ಗೊತ್ತಿರುವ ಮೆಕ್ಯಾನಿಕ್ ಸಿಗುತ್ತಾನೆ. ನಾವೂ ಅದೇ ಗುಣವನ್ನು ನಮ್ಮ ಅಳತೆಯಲ್ಲಿ ಹುಡುಕಿದೆವು. ರಸ್ತೆಯಲ್ಲಿ ಜಾಸ್ತಿ ಕಾಣುವ ಮಾದರಿ, ಹೆಚ್ಚು ಗ್ಯಾರೇಜುಗಳಿಗೆ ಪರಿಚಯ ಇರುವ ಎಂಜಿನ್.

ಕೊನೆಗೆ ತಂದದ್ದು ಮೂರು ಸಾಲಿನ, ಏಳು ಸೀಟಿನ ಹೈಬ್ರಿಡ್ ಎಂಪಿವಿ, ಅಂದರೆ ವ್ಯಾನಿನಂಥ ಕುಟುಂಬದ ಗಾಡಿ. ಹೊಸದಲ್ಲ. ಎತ್ತರವೂ ಅಲ್ಲ, ನೋಡಿದವರು ತಿರುಗಿ ನೋಡುವ ಗಾಡಿಯೂ ಅಲ್ಲ. ಜಾರುವ ಬಾಗಿಲು, ಅತ್ತೆಗೆ ಹೊಂದುವ ಸೀಟು, ದೊಡ್ಡ ಸಾಕೆಟ್, 530 ಕೆ.ಜಿ. ಹೊರುವ ಮಿತಿ. ಆಟೋಮ್ಯಾಟಿಕ್ ಆದ್ದರಿಂದ ನಾನೂ ನನ್ನ ಗಂಡನೂ ಇಬ್ಬರೂ ನೆಮ್ಮದಿಯಾಗಿ ಓಡಿಸುತ್ತೇವೆ. ಅವರು ಕೆಲಸಕ್ಕೆ ಹೋಗಿದ್ದಾಗ ಸೂಚನೆ ಬಂದರೆ ನಾನು ಕಾಯಬೇಕಿಲ್ಲ. ಇದನ್ನೇ ದಿನವೂ ಮಕ್ಕಳನ್ನು ಬಿಡಲು, ಸಾಮಾನು ತರಲು ಓಡಿಸುತ್ತೇವೆ. ನನ್ನ ಪ್ರಕಾರ ದಿನವೂ ಓಡುವುದೇ ಅದರ ದೊಡ್ಡ ಗುಣ. ಮೂಲೆಯಲ್ಲಿ ನಿಂತ ಗಾಡಿಯ ಬ್ಯಾಟರಿ ಇಳಿದಿರುತ್ತದೆ, ಟ್ಯಾಂಕಿನ ಪೆಟ್ರೋಲ್ ಕೆಲವು ತಿಂಗಳಲ್ಲಿ ಹಳಸುತ್ತದೆ, ಇಲಿ ವೈರ್ ಕಡಿದಿರುತ್ತದೆ. ದಿನವೂ ಓಡುವ ಗಾಡಿ ಏನಾದರೂ ಕೆಟ್ಟರೆ ಮಾಮೂಲಿ ದಿನವೇ ಹೇಳುತ್ತದೆ.

ತಂದ ಮೇಲೆ ಮೊದಲು ಮಾಡಿದ ಕೆಲಸ ಸ್ಟೆಪ್ನಿಯದು. ಈ ಮಾದರಿಗೆ ಸ್ಟೆಪ್ನಿಯೇ ಇರಲಿಲ್ಲ. ಪಂಕ್ಚರ್ ಮುಚ್ಚುವ ದ್ರವ ಮತ್ತು ಸಣ್ಣ ಪಂಪ್ ಕೊಟ್ಟಿದ್ದರು. ಮೊಳೆ ಚುಚ್ಚಿದರೆ ಅದು ಸಾಕು, ಟೈರಿನ ಪಕ್ಕ ಹರಿದರೆ ಪ್ರಯೋಜನವಿಲ್ಲ. ಪ್ರವಾಹ, ಗಾಳಿಯ ನಂತರದ ರಸ್ತೆಯಲ್ಲಿ ತಗಡು, ಒಡೆದ ಗಾಜು, ಕಬ್ಬಿಣ ಎಲ್ಲ ಬಿದ್ದಿರುತ್ತವೆ. ಪೂರ್ತಿ ಅಳತೆಯ ಸ್ಟೆಪ್ನಿ ಕೊಂಡು ಹಿಂದೆ ಬಿಗಿಯಾಗಿ ಕಟ್ಟಿದೆವು. ಅದರ ತೂಕ ಇರಲಿ, ಅದಕ್ಕಾಗಿ ಬೇರೆ ಸಾಮಾನು ಕಡಿಮೆ ಮಾಡಿದೆ. ಜಾಕ್ ಹಾಕಿ ಚಕ್ರ ಬದಲಿಸುವುದನ್ನು ಮೈದುನ ನನಗೆ ಕಲಿಸಿದ. ನಟ್ಟು ಬಿಚ್ಚಲು ಉದ್ದದ ಹಿಡಿಯ ಸ್ಪ್ಯಾನರ್ ಅವನೇ ತಂದುಕೊಟ್ಟ.

ಟೈರಿನ ವಯಸ್ಸೂ ನೋಡಿ. ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 3519 ಅಂದರೆ 2019ರ 35ನೇ ವಾರ ತಯಾರಾದದ್ದು. ಗೀರು ಚೆನ್ನಾಗಿ ಉಳಿದಿದ್ದರೂ ರಬ್ಬರ್ ಹಳತಾಗುತ್ತದೆ. ಹಲವು ಗಾಡಿ ಕಂಪನಿಗಳು 6 ವರ್ಷಕ್ಕೆ ಬದಲಿಸಿ ಅನ್ನುತ್ತವೆ. ವಿಲ್ಮರ್ ಬಸ್ಸಿನ ನೆನಪಿಗೆ ಬೇರಿಂಗ್, ಬ್ರೇಕ್ ಎಲ್ಲ ಬಿಚ್ಚಿಸಿ ನೋಡಿಸಿದೆ.

ಟ್ಯಾಂಕ್ ಅರ್ಧಕ್ಕಿಂತ ಕೆಳಗೆ ಇಳಿಯಲು ಬಿಡುವುದಿಲ್ಲ. ಮಳೆ, ಗಾಳಿಯ ಮುನ್ಸೂಚನೆ ಬಂದರೆ ಆ ದಿನವೇ ತುಂಬಿಸುತ್ತೇವೆ. ಪೆಟ್ರೋಲ್ ಕ್ಯಾನನ್ನು ಗಾಡಿಯೊಳಗೆ ಇಡುವ ಯೋಚನೆ ಬಿಟ್ಟೆವು. ಅದರ ಆವಿ ಗಾಳಿಗಿಂತ ಭಾರ, ಕೆಳಗೇ ಕೂತಿರುತ್ತದೆ, ಒಂದು ಕಿಡಿ ಸಾಕು. ಆಕ್ಸಿಜನ್ ಸಿಲಿಂಡರ್ ಇರುವ ಗಾಡಿಯಲ್ಲಿ ಅದು ಸಲ್ಲದು. ಸಿಲಿಂಡರನ್ನು ಉರುಳದಂತೆ ಪಟ್ಟಿಯಿಂದ ಕಟ್ಟಿ, ಬಿಸಿಲು ಬೀಳದ ಕಡೆ ಇಟ್ಟು, ಕಿಟಕಿ ಸ್ವಲ್ಪ ತೆರೆದಿಡುತ್ತೇವೆ. ಗಾಡಿಯಲ್ಲಿ ರಾತ್ರಿ ಕಳೆಯಬೇಕಾಗಿ ಬಂದರೆ ಎಂಜಿನ್ ಆಗಾಗ ತಾನಾಗಿ ಓಡುತ್ತದೆ ಅನ್ನುವುದು ಮರೆಯುವಂತಿಲ್ಲ. ಹೊಗೆಯಲ್ಲಿರುವ ವಿಷಾನಿಲ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣ, ವಾಸನೆ ಇಲ್ಲ. ಮುಚ್ಚಿದ ಶೆಡ್ಡಿನಲ್ಲಿ ನಿಲ್ಲಿಸಬಾರದು, ಸೈಲೆನ್ಸರ್ ಬಾಯಿಗೆ ಮಣ್ಣು, ಹಿಮ ಅಡ್ಡ ಬರಬಾರದು. ಈ ಅನಿಲ ಬಂದರೆ ಕೂಗುವ, ಬ್ಯಾಟರಿಯಿಂದ ನಡೆಯುವ ಒಂದು ಅಲಾರಂ ಒಳಗೆ ಇಟ್ಟಿದ್ದೇವೆ.

ಒಂದು ರಾತ್ರಿ ಮನೆಯಂಗಳದಲ್ಲೇ ಕಾನ್ಸಂಟ್ರೇಟರ್ ಹಚ್ಚಿ ಅತ್ತೆ ಗಾಡಿಯಲ್ಲಿ ಮಲಗಿದರು, ನಾನೂ ಪಕ್ಕದಲ್ಲಿ. ಬೆಳಗಿನ ತನಕ ಯಂತ್ರ ನಿಲ್ಲಲಿಲ್ಲ. ಪೆಟ್ರೋಲ್ ಮುಳ್ಳು ಇಳಿದದ್ದು ಸ್ವಲ್ಪವೇ. "ಸದ್ದು ಮನೆಯಲ್ಲಿದ್ದಷ್ಟೇ, ನಿದ್ದೆ ಬಂತು" ಅಂದರು.

ದಾರಿಗಳನ್ನೂ ಓಡಿಸಿ ನೋಡಿದೆವು. ಹೆದ್ದಾರಿ ಬಿಟ್ಟು ಬೇರೆ ದಿಕ್ಕಿಗೆ ಹೋಗುವ ದಾರಿಗಳು. ಎಲ್ಲಿ ತಗ್ಗು ಸೇತುವೆ ಇದೆ, ಎಲ್ಲಿ ರೈಲ್ವೆ ಗೇಟ್, ಎಲ್ಲಿ ಎರಡೂ ಬದಿ ಮರಗಳು ಒತ್ತಾಗಿವೆ ಅಂತ ಕಾಗದದ ನಕ್ಷೆಯಲ್ಲಿ ಗುರುತು ಹಾಕಿದೆವು. ಮೊಬೈಲ್ ಟವರ್ ಕೈಕೊಟ್ಟರೆ ಅದೇ ಗತಿ. ಬೆಂಕಿಯಾದರೆ ಯಾವುದು, ನೀರಾದರೆ ಯಾವುದು ಅನ್ನುವುದು ಬೇರೆ ಬೇರೆ. ನೀರಿಗೆ ಸರಿಯಾದ ಎತ್ತರದ ದಾರಿ ಬೆಂಕಿಗೆ ಕೆಟ್ಟದ್ದು, ಅದು ಗುಡ್ಡದ ಒಣ ಹುಲ್ಲಿನ ಪಕ್ಕವೇ ಹೋಗುತ್ತದೆ.

ಇದೆಲ್ಲ ಮುಗಿಯಿತು ಅಂದುಕೊಂಡಾಗ ಅತ್ತೆಯೇ ಕೇಳಿದರು, "ಹಿಂದೆ ಎರಡು ಸೀಟು ಖಾಲಿ ಇದೆಯಲ್ಲಮ್ಮ, ಪಕ್ಕದ ಮನೆಯವರನ್ನು ಯಾರು ಕರೆದುಕೊಂಡು ಹೋಗ್ತಾರೆ?" ಪಕ್ಕದಲ್ಲಿ ಇಬ್ಬರೇ ವಯಸ್ಸಾದ ದಂಪತಿ, ಗಾಡಿ ಇಲ್ಲ. 2005ರಲ್ಲೇ, ಕತ್ರೀನಾ ಚಂಡಮಾರುತದಲ್ಲಿ ನ್ಯೂ ಆರ್ಲಿಯನ್ಸಿನಲ್ಲಿ ಉಳಿದುಹೋದವರಲ್ಲಿ ಬಹಳಷ್ಟು ಜನಕ್ಕೆ ಸ್ವಂತ ಗಾಡಿ ಇರಲಿಲ್ಲ. ನಾವು ಅವರ ಮನೆಗೆ ಹೋಗಿ ಮಾತಾಡಿದೆವು. ಹೊರಡುವ ದಿನ ಯಾರೂ ಯಾರನ್ನೂ ಹುಡುಕುವಂತೆ ಆಗಬಾರದು, ನಾವು ಬಾಗಿಲು ತಟ್ಟುತ್ತೇವೆ, ಒಂದೊಂದು ಸಣ್ಣ ಚೀಲ ಸಿದ್ಧ ಇರಲಿ ಅಂದೆವು.

ಆಮೇಲೆ ಮತ್ತೆ ತೂಕದ ಲೆಕ್ಕಕ್ಕೆ ಕೂತೆ. ಅವರಿಬ್ಬರದು 130 ಕೆ.ಜಿ. ಮೂರನೇ ಸಾಲು ಎತ್ತಿದರೆ ಡಿಕ್ಕಿಯಲ್ಲಿ ಜಾಗ ಉಳಿಯುವುದಿಲ್ಲ. ಹಾಗಾಗಿ ಮೇಲೊಂದು ಪೆಟ್ಟಿಗೆ, ಅದರ ಸ್ವಂತ ತೂಕ 15. ಮೇಲೆ ಪೆಟ್ಟಿಗೆಯೂ ಸೇರಿ 75 ಕೆ.ಜಿ. ಮಾತ್ರ ಹೇರಬಹುದು, ಅದಕ್ಕೆ ಹೊದಿಕೆ, ಬಟ್ಟೆಯಂಥ ಹಗುರದ್ದೇ ಹೋಗಬೇಕು. ನಾಯಿ ನಮ್ಮ ಕಾಲ ಬಳಿ. ಕೂಡಿದರೆ 575 ಕೆ.ಜಿ., ಮಿತಿಗಿಂತ 45 ಜಾಸ್ತಿ. ಬಾಗಿಲ ಒಳಬದಿಗೆ ಈಗ ಎರಡು ಪಟ್ಟಿ ಅಂಟಿಸಿದ್ದೇನೆ. ಒಂದು ನಾವಷ್ಟೇ ಹೊರಟರೆ. ಇನ್ನೊಂದು ಏಳು ಜನ ಹೊರಟರೆ, ಅದರಲ್ಲಿ ಬಿಟ್ಟು ಹೋಗುವ ಸಾಮಾನಿನ ಹೆಸರು ಮಾತ್ರ ಇದೆ: 20 ಲೀಟರ್ ನೀರಿನ ಒಂದು ಕ್ಯಾನು, ಮಡಚುವ ಮೇಜು, ಮಕ್ಕಳ ಪುಸ್ತಕದ ಪೆಟ್ಟಿಗೆ. ದೊಡ್ಡವಳು ಪುಸ್ತಕದ ಪೆಟ್ಟಿಗೆಯ ಹೆಸರನ್ನು ತನ್ನ ಕೈಯಾರೆ ಬರೆದಳು.